ಇಂಟರ್ನೆಟ್ ರೇಡಿಯೋದಲ್ಲಿ ನನ್ನ ಕುಸ್ತಿ

ನಾನು ರೇಡಿಯೋದಲ್ಲಿ ಮಾತಾಡುತ್ತಿದ್ದೆ ಅಂದರೆ ಜನ ಇವತ್ತಿಗೂ ಯಾವ ಸ್ಟೇಷನ್ ಅಂತ ಕೇಳುತ್ತಾರೆ. ಇಂಟರ್ನೆಟ್ ರೇಡಿಯೋ ಅಂದರೆ ಒಂದು ನಗು, ಅಮೆರಿಕದ ಕುಸ್ತಿಯ ಬಗ್ಗೆ ಅಂದರೆ ಇನ್ನೊಂದು ನಗು. ಎರಡು ಸಾವಿರದ ಇಸವಿಯ ಆಚೀಚೆ ನಾನು ಪುಣೆಯ ಹತ್ತಿರ ಭೋಸರಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕ್ಲಾರ್ಕ್. ಟೀವಿಯಲ್ಲಿ ಬರುತ್ತಿದ್ದ ಆ ಕುಸ್ತಿಯ ಬಗ್ಗೆ ಪ್ರತಿ ರವಿವಾರ ಅರ್ಧ ಗಂಟೆ ಹಿಂದಿಯಲ್ಲಿ ಮಾತಾಡಿ, ಮನೆಯ ಕಂಪ್ಯೂಟರಿನಲ್ಲಿ ರೆಕಾರ್ಡ್ ಮಾಡಿ, ನೆಟ್ಟಿಗೆ ಏರಿಸುತ್ತಿದ್ದೆ. ಅದಕ್ಕೆ ಸಿಕ್ಕ ಮರ್ಯಾದೆ ನೆನೆದರೆ ಈಗಲೂ ಮೈ ಉರಿಯುತ್ತದೆ.

ಮಾವನ ರಿಪೇರಿ

ಆಗ ಇಂಟರ್ನೆಟ್ ಬರುತ್ತಿದ್ದುದು ಮನೆಯ ಫೋನಿನ ತಂತಿಯಲ್ಲೇ. ಅರ್ಧ ಗಂಟೆಯ ಕಾರ್ಯಕ್ರಮ ಏರಲು ನಾಲ್ಕು ತಾಸು ಬೇಕು, ನಡುವೆ ಯಾರಾದರೂ ರಿಸೀವರ್ ಎತ್ತಿದರೆ ಎಲ್ಲ ಮೊದಲಿಂದ. ಅದಕ್ಕೆ ಫೋನಿನ ಮೇಲೆ ಬುಟ್ಟಿ ಬೋರಲು ಹಾಕಿ, ಮುಟ್ಟಬಾರದು ಅಂತ ಚೀಟಿ ಅಂಟಿಸಿದ್ದೆ.

ಒಂದು ರವಿವಾರ ಇನ್ನೇನು ಹತ್ತು ನಿಮಿಷ ಬಾಕಿ. ಮಾರ್ಕೆಟ್ ಯಾರ್ಡಿನಲ್ಲಿ ಉಳ್ಳಾಗಡ್ಡಿ ವ್ಯಾಪಾರ ಮಾಡುವ ನನ್ನ ಸೋದರಮಾವ ಏದುಸಿರು ಬಿಡುತ್ತ ಬಂದ. ಬೆಳಿಗ್ಗೆಯಿಂದ ನಮ್ಮ ಫೋನು ಎಂಗೇಜ್ ಬರುತ್ತಿದೆ, ಏನಾಯಿತೋ ಅಂತ ಗಾಬರಿಯಾಗಿ ಸ್ಕೂಟರಿನಲ್ಲಿ ಓಡಿ ಬಂದಿದ್ದ. ಕೂಡಿಸಿ ಎಲ್ಲ ಬಿಡಿಸಿ ಹೇಳಿದೆ. ಹೌದು ಹೌದು ಅಂತ ಗೋಣು ಹಾಕಿದ. ಚಹಾ ತರಲು ಒಳಗೆ ಹೋದೆ, ಅಷ್ಟೇ.

"ಫೋನ್ ಎತ್ತಿದರ ಮೊದಲ ಏನೋ ಕಿರಕಿರ ಅನ್ನಾಕತ್ತಿತ್ತೋ," ಅಂತ ಹೊರಗಿನಿಂದ ಮಾವನ ದನಿ. "ಎರಡು ಸಲ ಕುಕ್ಕಿದೆ ನೋಡು, ಈಗ ಸ್ವಚ್ಛ ಆತು."

ಸೋಲು ಕಾಣದವರು

ನಮ್ಮ ಸೂಪರ್‌ವೈಸರ್ ಧಾರವಾಡದವರು. ನಾನು ರೇಡಿಯೋದವನು ಅಂತ ಹೇಗೋ ಗೊತ್ತಾಗಿ, ಹೆಂಡತಿಯ ಹುಟ್ಟುಹಬ್ಬಕ್ಕೆ ಒಂದು ಹಳೇ ಸಿನಿಮಾ ಹಾಡು ಹಾಕು ಅಂದರು. ಅದು ಬರೀ ಕುಸ್ತಿಯ ಕಾರ್ಯಕ್ರಮ ಅಂದೆ. ಹಾಗಾದರೆ ಕುಸ್ತಿ ಮುಗಿದ ಮೇಲೆ ಹಾಕು ಅಂದರು. ಕೊನೆಗೆ ಹೆಸರು ಹೇಳಿ ಶುಭಾಶಯ ಕೋರುವುದು ಅಂತ ಇತ್ಯರ್ಥವಾಯಿತು. ನನ್ನ ರಜೆ ಮಂಜೂರು ಮಾಡುವವರು ಅವರೇ, ಏನು ಮಾಡಲಿ? ಓದಬೇಕಾದ ಮಾತನ್ನೂ ಅವರೇ ಚೀಟಿಯಲ್ಲಿ ಬರೆದುಕೊಟ್ಟಿದ್ದರು: "ಇಪ್ಪತ್ತು ವರ್ಷದಿಂದ ಮನೆಯಲ್ಲಿ ಒಮ್ಮೆಯೂ ಸೋಲು ಕಾಣದವರು."

ಎರಡು ಕುಸ್ತಿಗಳ ವಿಶ್ಲೇಷಣೆಯ ನಡುವೆ ಹಲ್ಲು ಕಚ್ಚಿ ಓದಿದೆ. ನನ್ನ ವಿಶ್ಲೇಷಣೆಯ ಬಗ್ಗೆ ಒಬ್ಬರೂ ಬರೆಯಲಿಲ್ಲ. ಆ ವಾರ ಬಂದ ಒಂದೇ ಒಂದು ಮೇಲ್ ದುಬೈಯಿಂದ: ಈ ಸೋಲರಿಯದ ಹೆಣ್ಣು ಪೈಲವಾನ್ ಯಾರು, ಇವರ ಮುಂದಿನ ಕುಸ್ತಿ ಯಾವಾಗ? ಸಿಟ್ಟಿನಿಂದ ಅದನ್ನು ಪ್ರಿಂಟ್ ತೆಗೆದು ಸೂಪರ್‌ವೈಸರ್ ಕೈಗೆ ಕೊಟ್ಟೆ. ಮರುದಿನ ಅವರು ಭಾಳ ಗಂಭೀರವಾಗಿ ಸ್ಟೋರಿಗೆ ಬಂದರು.

"ಆಕಿ ತಯಾರಿದ್ದಾಳ್ರಿ. ಮೊದಲನೇ ಕುಸ್ತಿ ನಿಮ್ಮ ಜೋಡಿನೇ ಅಂತ."

ಉಸ್ತಾದರ ಪಟ್ಟು

ಇದನ್ನಂತೂ ನಾನು ಸಾಯುವವರೆಗೆ ಮರೆಯುವುದಿಲ್ಲ. ಆ ಕುಸ್ತಿಯೆಲ್ಲ ಬರೀ ನಾಟಕ ಅಂತ ಕೆಲವರು ಮೇಲ್ ಮೇಲೆ ಮೇಲ್ ಬರೆಯುತ್ತಿದ್ದರು. ನನಗೆ ರೇಗಿಹೋಯಿತು. ತಿಳಿದವರ ಬಾಯಿಂದಲೇ ಹೇಳಿಸುತ್ತೇನೆ ಅಂತ, ಪಕ್ಕದ ಖಡಕಿಯಲ್ಲಿ ಕುಸ್ತಿಯ ತಾಲೀಮು ನಡೆಸುತ್ತಿದ್ದ ಬಾಗಲಕೋಟೆ ಕಡೆಯ ಒಬ್ಬ ಹಿರಿಯ ಉಸ್ತಾದರನ್ನು ಮನೆಗೆ ಕರೆದುಕೊಂಡು ಬಂದೆ. ಒಂದು ಕ್ಯಾಸೆಟ್ ಪೂರ್ತಿ ತೋರಿಸಿದೆ. ಕುರ್ಚಿಯಿಂದ ಬಡಿದದ್ದನ್ನೂ, ಏಟು ತಿಂದವನು ಎದ್ದು ಕುಣಿದದ್ದನ್ನೂ ಅವರು ರೆಪ್ಪೆ ಬಡಿಯದೆ ನೋಡಿದರು. ಮೈಕು ಮುಂದಿಟ್ಟು, ಇದು ನಾಟಕವೋ ಖರೆಯೋ ನೀವೇ ಹೇಳಿರಿ ಅಂದೆ.

"ಅದನ್ನ ಬಾಯಿಲೆ ಹೆಂಗ ಹೇಳೂದು ತಮ್ಮಾ? ಕೈ ಕೊಡಿಲ್ಲೆ."

ಕೊಟ್ಟೆ. ಮುಂದೆ ನಡೆದದ್ದು ನನಗೆ ಸರಿಯಾಗಿ ನೆನಪಿಲ್ಲ. ಬಲಭುಜದಲ್ಲಿ ಲಟಕ್ ಅಂತು. ಕೆಳಗಿನ ಮನೆಯವರು ಬಾಗಿಲು ಬಡಿದರು. ಡಾಕ್ಟರು ಭುಜ ಕೂಡಿಸಿ, ಮೂರು ವಾರ ಕೈ ಅಲ್ಲಾಡಿಸಬಾರದು ಅಂತ ಕೊರಳಿಗೆ ಕಟ್ಟಿದರು. ಇಷ್ಟು ನೋವು ತಿಂದದ್ದು ವ್ಯರ್ಥವಾಗಬಾರದು ಅಂತ ಎಡಗೈಯಿಂದಲೇ ಆ ರೆಕಾರ್ಡಿಂಗ್ ಏರಿಸಿದೆ.

ಮೇಲ್ ಬಂತು. ಉಸ್ತಾದರು ಭಾಳ ಸಹಜವಾಗಿ ಮಾತಾಡಿದ್ದಾರೆ, ಆದರೆ ನಿಮ್ಮ ಕಿರುಚಾಟ ಶುದ್ಧ ನಾಟಕ, ಮುಂದಿನ ಸಲ ಸ್ವಲ್ಪ ನಂಬುವ ಹಾಗೆ ಕಿರುಚಿ.

ಕಟ್ಟಿದ ಕೈಯಲ್ಲೇ ಬಸ್ಸು ಹತ್ತಿ ಖಡಕಿಗೆ ಹೋದೆ. ಮೇಲನ್ನು ಓದಿ ಹೇಳಿ, ಇದಕ್ಕೆ ನೀವೇ ಸಾಕ್ಷಿ, ನೀವೇ ಉತ್ತರ ಕೊಡಬೇಕು ಅಂದೆ. ಉಸ್ತಾದರು ನನ್ನ ಕಟ್ಟಿದ ಕೈಯನ್ನೊಮ್ಮೆ ನೋಡಿದರು.

"ನನಗೂ ಹಂಗ ಅನಿಸಿತ್ತು ತಮ್ಮಾ. ಇನ್ನೊಮ್ಮೆ ಮಾಡೂಣು. ಎಡಗೈ ಛಲೋ ಅದ ಅಲ್ಲ?"