ಅತ್ತೆಯವರೂ ನನ್ನ ಬಲಗಾಲಿನ ನರವೂ

ನನ್ನ ಅತ್ತೆಯವರಷ್ಟು ಮಾತುಗಾರ್ತಿ ತಮಿಳುನಾಡಿನ ಓಮಲೂರು ಸೀಮೆಯಲ್ಲೇ ಇಲ್ಲ. ಆದರೆ ಮದುವೆಯಾಗಿ ಹನ್ನೆರಡು ವರ್ಷವಾದರೂ ಅವರು ನನ್ನೊಡನೆ ಒಂದೇ ಒಂದು ಮಾತು ಆಡಿರಲಿಲ್ಲ! ಜಗಳವೇ? ಛೆ ಛೆ, ಮರ್ಯಾದೆ! ಅಳಿಯನ ಎದುರು ನಿಂತು ಮಾತಾಡಬಾರದು ಎಂದು ಅವರಮ್ಮ ಕಲಿಸಿದ್ದರಂತೆ. ಊರಿನ ಉಳಿದ ಅತ್ತೆಯಂದಿರೆಲ್ಲ ಈ ಪಾಠವನ್ನು ಎಂದೋ ಮರೆತು, ಅಳಿಯನ ಬೈಕಿನ ಹಿಂದೆ ಕೂತು ಸೇಲಂಗೆ ಸಿನಿಮಾ ನೋಡಲು ಹೋಗುತ್ತಾರೆ. ನಮ್ಮವರು ಮಾತ್ರ ಬಿಟ್ಟಿರಲಿಲ್ಲ.

ಹಾಗಂತ ಹೇಳಬೇಕಾದ್ದನ್ನು ನುಂಗಿಕೊಳ್ಳುವವರೂ ಅಲ್ಲ. ಹತ್ತಿರದಲ್ಲಿ ಯಾವುದಿದೆಯೋ ಅದಕ್ಕೆ ಹೇಳುತ್ತಿದ್ದರು.

"ಏ ಮಿಕ್ಸೀ, ಇನ್ನೊಂದು ಮುದ್ದೆ ಆಕ್ಲಾ ಅಂತ ಕೇಳು."

ನಾನೂ ಬಿಡುತ್ತಿರಲಿಲ್ಲ. "ಮಿಕ್ಸಮ್ಮಾ, ಒಟ್ಟೆನಾಗೆ ಜಾಗ ಇಲ್ಲ ಅನ್ನು."

ಪಾಪದ ಮಿಕ್ಸಿ ಇಬ್ಬರ ಮರ್ಯಾದೆಯನ್ನೂ ಕಾಪಾಡಿಕೊಂಡು ಬಂದಿತ್ತು.

ನನ್ನದು ಬೆಳ್ಳಿ ಕಾಲ್ಗೆಜ್ಜೆಯ ಕೆಲಸ. ಮನೆಯ ಮುಂದಿನ ಕೋಣೆಯಲ್ಲಿ ಚಕ್ಕಂಬಕ್ಕಳ ಹಾಕಿ, ಬೆನ್ನು ಬಗ್ಗಿಸಿ ಕೊಂಡಿಗೆ ಕೊಂಡಿ ಬೆಸೆಯುತ್ತ ಕೂತರೆ ಏಳುವುದು ಊಟಕ್ಕೇ. ಊರ ಹೆಣ್ಣುಮಕ್ಕಳ ಕಾಲೆಲ್ಲ ಘಲ್ ಘಲ್ ಎನ್ನಲಿ ಎಂದು ಇಪ್ಪತ್ತು ವರ್ಷ ದುಡಿದವನಿಗೆ ಒಂದು ಬೆಳಿಗ್ಗೆ ಸ್ವಂತ ಕಾಲೇ ಕೈಕೊಟ್ಟಿತು! ಕುಡಿಯುವ ನೀರಿನ ಕ್ಯಾನ್ ಎತ್ತಲು ಬಗ್ಗಿದೆ, ಅಷ್ಟೇ. ಸೊಂಟದಲ್ಲಿ ಛಳಕ್ಕೆಂದಿತು. ಬಲಗಡೆಯ ಕುಂಡೆಯಿಂದ ಹೊರಟ ನೋವು ತೊಡೆಯ ಹಿಂಭಾಗ, ಮೀನಖಂಡ, ಹಿಮ್ಮಡಿ ಎಲ್ಲ ಸವರಿಕೊಂಡು ಕಿರುಬೆರಳಿನವರೆಗೆ ಕರೆಂಟು ಹೊಡೆದ ಹಾಗೆ ಓಡಿತು. ಕೂತರೆ ಉರಿ. ಕೆಮ್ಮಿದರೆ ಪ್ರಾಣಸಂಕಟ. ಇನ್ನು ಸೀನುವುದೇ? ಸೀನು ಬಂದರೆ ಮನೆದೇವರಿಗೆ ಹರಕೆ ಹೊತ್ತು ತಡೆಯುತ್ತಿದ್ದೆ!

ನನ್ನ ಹೆಂಡತಿ ಶಾಲೆಯಲ್ಲಿ ಟೀಚರ್. ಪರೀಕ್ಷೆಯ ಸಮಯ, ರಜೆ ಸಿಗಲಿಲ್ಲ. ಅಮ್ಮನಿಗೆ ಫೋನ್ ಮಾಡಿದಳು. ತಾರಮಂಗಲಂ ಪಕ್ಕದ ಹಳ್ಳಿಯಿಂದ ಮೊದಲ ಬಸ್ಸಿಗೇ ಅತ್ತೆಯವರು ಬಂದಿಳಿದರು. ಗೋಡೆ ಹಿಡಿದು ನಡೆಯುತ್ತಿದ್ದ ನನ್ನನ್ನು ಒಮ್ಮೆ ನೋಡಿ ಬಾಗಿಲಿಗೆ ಹೇಳಿದರು: "ಇದು ಸುಮ್ನೆ ನೋವಲ್ಲ. ಆಸ್ಪತ್ರೆಗೆ ಓಗ್ಬೇಕು ಅಂದ್ಬುಡು, ಬಾಗ್ಲೇ."

ಅಷ್ಟರಲ್ಲಿ ಪಕ್ಕದ ಮನೆಯವರು ಬೆನ್ನು ಮೆಟ್ಟಿ ನರ ಕೂರಿಸುವ ಒಬ್ಬ ಪೈಲ್ವಾನನನ್ನು ಕರೆತಂದಿದ್ದರು. ಆತ ಲುಂಗಿ ಎತ್ತಿಕಟ್ಟಿ, "ಒಂದೇ ಮಿದಿ, ನರಂಬು ಉಳ್ಳೆ ಪೋಯಿಡುಂ!" ಎಂದ. ಒಂದೇ ತುಳಿತಕ್ಕೆ ನರ ಒಳಗೆ ಹೋಗಿಬಿಡುತ್ತದಂತೆ! ನಾನು ಬೋರಲು ಮಲಗಲು ಸಿದ್ಧನಾಗಿದ್ದೆ. ಆ ನೋವಿಗೆ ಆನೆ ಬಂದು ಮೆಟ್ಟುತ್ತೇನೆ ಎಂದರೂ ಒಪ್ಪುತ್ತಿದ್ದೆ ಬಿಡಿ. ಅತ್ತೆಯವರು ಅಡ್ಡ ಬಂದರು.

"ನಮ್ ಮಂಚದ್ದು ಒಂದು ಕಾಲು ಅಲ್ಲಾಡ್ತೈತೆ. ಮೊದ್ಲು ಅದನ್ನ ಕೂರ್ಸಿ ತೋರ್ಸಪ್ಪ."

ಪಾಪ, ಆತ ಮಂಚವನ್ನು ಮಗುಚಿ ಹಾಕಿ, ಕಲ್ಲು ತಂದು ಕುಟ್ಟಿ, ಬೆವರಿ, ಮತ್ತೆ ನಿಲ್ಲಿಸಿದ. ಮಂಚ ಮೊದಲಿಗಿಂತ ಜೋರಾಗಿ ಅಲ್ಲಾಡಿತು.

"ಕಣ್ಣಿಗೆ ಕಾಣೋ ಕಾಲೇ ಕೂರ್ಸಾಕಾಗ್ಲಿಲ್ಲ, ಕಾಣ್ದಿರೋ ನರ ಕೂರ್ಸ್ತೀಯಾ? ಕಾಫಿ ಕುಡ್ಕಂಡು ಓಗು" ಎಂದು ಲೋಟ ಕೈಗಿತ್ತರು. ಆತ ಕುಡಿದು ಹೋದ. ನನ್ನ ಬೆನ್ನು ಉಳಿಯಿತು.

ಆಸ್ಪತ್ರೆಗೆಂದು ಅತ್ತೆಯವರೂ ನಾನೂ ಸೇಲಂ ಬಸ್ ಹತ್ತಿದೆವು. ಕೂತರೆ ನೋವು ಹೆಚ್ಚಾಗುತ್ತದೆಂದು ನಾನು ಕಂಬಿ ಹಿಡಿದು ನಿಂತಿದ್ದೆ. ಕಂಡಕ್ಟರ್ ಒಳ್ಳೆಯವನು, ನನ್ನ ಮುಖ ನೋಡಿ ಒಬ್ಬರನ್ನು ಎಬ್ಬಿಸಿ, "ಉಕ್ಕಾರುಂಗ ಸಾರ್, ಕೂತ್ಕೊಳ್ಳಿ" ಎಂದ. ನಾನು ಬೇಡ ಎಂದೆ. ಆತ ಬಿಡಲಿಲ್ಲ. ನಾನು ಕೂರಲಿಲ್ಲ. ಎದ್ದವರಿಗೆ ಕೋಪ ಬಂತು. ಆಗಲೇ ಚಕ್ರ ಹಳ್ಳಕ್ಕಿಳಿದು ಬಸ್ ಎಗರಿತು. ಸೊಂಟದಿಂದ ಪಾದದವರೆಗೆ ಬೆಂಕಿ ಹರಿದಂತಾಗಿ "ಅಮ್ಮಾ!" ಎಂದು ಕಿರುಚಿದೆ.

"ಇಲ್ಲೇ ಇವ್ನಿ ಅಳಿಯಂದ್ರೇ! ಕಂಬಿ ಬಿಡಬ್ಯಾಡಿ, ನನ್ ಬುಜ ಇಡ್ಕಳಿ!"

ಹನ್ನೆರಡು ವರ್ಷದ ಮೌನ ಆ ಹಳ್ಳದಲ್ಲಿ ಬಿದ್ದುಹೋಯಿತು! ಏನಾಯಿತೆಂದು ತಿಳಿದ ಕೂಡಲೇ ಅತ್ತೆಯವರು ನಾಲಿಗೆ ಕಚ್ಚಿಕೊಂಡು ತಲೆಯ ಮೇಲೆ ಸೆರಗೆಳೆದುಕೊಂಡರು. ಆದರೆ ನನ್ನ ಕೈ ಅವರ ಭುಜದ ಮೇಲೇ ಇತ್ತು. ಸೇಲಂವರೆಗೂ ಅವರು ಅದನ್ನು ಸರಿಸಲಿಲ್ಲ.

ಡಾಕ್ಟರಮ್ಮ ಚಿಕ್ಕ ವಯಸ್ಸಿನವರು. ನನ್ನನ್ನು ಮಲಗಿಸಿ ಕಾಲೆತ್ತಿ ನೋಡಿದರು, ಹೆಬ್ಬೆರಳನ್ನು ಒತ್ತಿ ಹಿಡಿದು "ಮೇಲಕ್ಕೆ ತಳ್ಳಿ" ಎಂದರು. ಆಮೇಲೆ ಕಾಗದದ ಮೇಲೆ ಬೆನ್ನುಮೂಳೆ ಬರೆದು ತಮಿಳಿನಲ್ಲಿ ವಿವರಿಸಿದರು. ಮೂಳೆಗಳ ನಡುವಿನ ಮೆತ್ತೆಯಂಥ ಡಿಸ್ಕ್ ಹೊರಚಾಚಿ, ಕಾಲಿಗೆ ಇಳಿಯುವ ನರದ ಬುಡವನ್ನು ಒತ್ತುತ್ತಿದೆ. ಕೆಟ್ಟಿರುವುದು ಸೊಂಟದಲ್ಲಿ, ಕೂಗುತ್ತಿರುವುದು ಕಾಲು. ಹೆಚ್ಚಿನವರಿಗೆ ಕೆಲವು ವಾರಗಳಲ್ಲಿ ತಾನಾಗಿ ಇಳಿಯುತ್ತದೆ, ಆಪರೇಷನ್ ಬೇಕಾಗುವುದಿಲ್ಲ.

"ಎಷ್ಟು ದಿನ ಮಲಗಿಸ್ಬೇಕಮ್ಮಾ?" ಎಂದರು ಅತ್ತೆ.

"ಮಲಗಿಸಲೇಬೇಡಿ. ಅರ್ಧ ಗಂಟೆಗಿಂತ ಹೆಚ್ಚು ಹೊತ್ತು ಒಂದೇ ಸಮ ಕೂರಲೂ ಬಿಡಬೇಡಿ. ಸ್ವಲ್ಪ ಸ್ವಲ್ಪ ನಡೆಸಿ. ಬಗ್ಗಿ ಭಾರ ಎತ್ತಬಾರದು. ಪಾದ ಸೋತು ಎಳೆಯತೊಡಗಿದರೆ, ತೊಡೆಸಂದಿ ಮರಗಟ್ಟಿದರೆ, ಮೂತ್ರ ಕಟ್ಟಿದರೆ ಮಾತ್ರ ಒಂದು ಗಳಿಗೆಯೂ ಕಾಯದೆ ಓಡಿ ಬನ್ನಿ."

ಅಷ್ಟು ಅಧಿಕಾರ ಅತ್ತೆಯವರ ಕೈಗೆ ಕೊಡಬಾರದಿತ್ತು!

ಮರುದಿನದಿಂದ ಅರ್ಧ ಗಂಟೆಗೊಮ್ಮೆ ನನ್ನ ಕಿವಿಯ ಬಳಿ ಸ್ಟೀಲ್ ತಟ್ಟೆ ಢಣ್ ಎನ್ನುತ್ತಿತ್ತು. "ಏಳಿ ಅಳಿಯಂದ್ರೇ!" ಬೆಸುಗೆ ಅರ್ಧದಲ್ಲಿದ್ದರೂ ಏಳಬೇಕು. ನೆಲದ ಕೆಲಸವನ್ನು ಮೇಜಿಗೇರಿಸಿದರು. ನೀರಿನ ಕ್ಯಾನನ್ನು ನಾನು ದೂರದಿಂದ ನೋಡಿದರೂ ಗದರುತ್ತಿದ್ದರು. ಬೆಳಿಗ್ಗೆ ಬೋರಲು ಮಲಗಿ ಎದೆಯೆತ್ತುವ ವ್ಯಾಯಾಮಕ್ಕೆ ಬಾಗಿಲ ಆಚೆಯಿಂದ ಎಣಿಸುತ್ತಿದ್ದರು. ನಾನು ಎಂಟಕ್ಕೆ ನಿಲ್ಲಿಸಿದರೆ ಅವರ ಲೆಕ್ಕ ಮತ್ತೆ ಒಂದರಿಂದ!

ಅದಕ್ಕಿಂತ ದೊಡ್ಡ ಸಂಕಟವೆಂದರೆ ಸಂಜೆಯ ನಡಿಗೆ. ಮಿಕ್ಸಿಯ ಕಾಲದ ಮರ್ಯಾದೆ ಎಲ್ಲಿ ಹೋಯಿತೋ! ದಾರಿಯಲ್ಲಿ ಸಿಕ್ಕವರಿಗೆಲ್ಲ ತಮ್ಮ ಸೊಂಟದಿಂದ ಹಿಮ್ಮಡಿಯವರೆಗೆ ಕೈ ಎಳೆದು, "ಇಲ್ಲಿ ಒತ್ತೈತೆ, ಇಂಗೆ ಕುಂಡೆ ಮೇಲೆ ಬತ್ತದೆ, ಇಂಗೆ ಇಳೀತದೆ" ಎಂದು ನನ್ನ ನರದ ದಾರಿ ತೋರಿಸುತ್ತಿದ್ದರು. ಟೀ ಅಂಗಡಿಯವರು, ಹೂವಿನವರು, ಮೆಡಿಕಲ್ ಶಾಪಿನವರು ನನ್ನ ಕ್ಷೇಮ ಕೇಳುವುದನ್ನೇ ಬಿಟ್ಟರು. "ನರ ಎಪ್ಪಡಿ ಇರುಕ್ಕು?" ಅಂದರೆ ನರ ಹೇಗಿದೆ ಎಂದಷ್ಟೇ ಕೇಳುತ್ತಿದ್ದರು.

ಮೊದಲ ವಾರ ನಾಲ್ಕು ಮನೆ ದಾಟಿದೆ. ಆಮೇಲೆ ಬೀದಿಯ ಕೊನೆ. ನೋವು ಪಾದವನ್ನು ಬಿಟ್ಟಿತು, ಮೀನಖಂಡವನ್ನು ಬಿಟ್ಟಿತು, ಸೊಂಟದ ಹತ್ತಿರಕ್ಕೆ ಸರಿಯಿತು. ಎರಡು ತಿಂಗಳಾಗುವಷ್ಟರಲ್ಲಿ ಬಸ್ ಸ್ಟ್ಯಾಂಡಿನವರೆಗೆ ನಿಲ್ಲದೆ ಹೋಗಿ ಬಂದೆ. ಅಂದು ಅತ್ತೆಯವರು ಊರಿಗೆ ಹೊರಡಲು ಬ್ಯಾಗಿಗೆ ಸೀರೆ ತುಂಬಿದರು.

ಮರುದಿನ ಮಧ್ಯಾಹ್ನ ಮನೆಯ ಮುಂದಿನ ತಿಣ್ಣೆಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದರು. ನಾನು ಪಕ್ಕದಲ್ಲಿ ಕಾಲು ಚಾಚಿ ಕೂತೆ. ಅವರು ತಲೆಯೆತ್ತದೆ ಕೇಳಿದರು:

"ಈ ನೋವು ಒರಗಿಂದ ನೋಡ್ದೋರ್ಗೆ ಕಾಣಾಕಿಲ್ಲ, ಅಲ್ವಾ?"

"ಇಲ್ಲ ಅತ್ತೆ. ಗಾಯ ಇಲ್ಲ, ಬಾವು ಇಲ್ಲ. ಏನಂತ ತೋರ್ಸೋದು?"

"ನಿಮ್ ಮಾವಂಗೂ ಇದೇ ಬಂದಿತ್ತು ಅನ್ಸ್ತದೆ. ಡಾಕ್ಟ್ರಮ್ಮ ಕಾಗ್ದದಾಗೆ ಗೀಟು ಎಳೀತಿದ್ರೆ ನಂಗೆ ಎದೆ ಜಲ್ಲಂತು."

ಮಾವನವರನ್ನು ನಾನು ನೋಡಿದ್ದು ಫೋಟೋದಲ್ಲಿ ಮಾತ್ರ. ಸಬ್ಬಕ್ಕಿ ಮಿಲ್ಲಿನಲ್ಲಿ ಮೂಟೆ ಹೊರುತ್ತಿದ್ದರಂತೆ.

"ಕಾಲು ಉರೀತದೆ ಅನ್ನೋರು. ಮೂಟೆ ಒರಾಕೆ ಸೋಂಬೇರಿತನ, ಕಳ್ಳಾಟ ಆಡ್ತೀರಾ ಅಂದೆ. ಮೂರು ಮಕ್ಳು, ಒಂದಿನ ಕೂಲಿ ತಪ್ಪಿದ್ರೆ ಒಲೆ ಅತ್ತಾಕಿಲ್ಲ. ನಾನು ಬೈದೆ, ಅವ್ರು ಕಾಲೆಳ್ಕಂಡು ಕೆಲ್ಸಕ್ಕೆ ಓದ್ರು. ವರ್ಸಗಟ್ಲೆ. ಒಂದಿನಾನೂ ಎದುರು ಮಾತಾಡ್ಲಿಲ್ಲ."

ಕಾಯಿ ಸುಲಿಯುವ ಕೈ ನಿಂತಿತ್ತು. ನನಗೆ ತೋಚಿದ್ದನ್ನು ಹೇಳಿದೆ:

"ನಾನು ಬಾಯಿ ಬಿಡೋಕೆ ಮುಂಚೇನೇ ನೀವು ನನ್ನ ನಂಬಿದ್ರಿ, ಅತ್ತೆ. ಅದಕ್ಕೇ ನಾನು ಇವತ್ತು ನೆಟ್ಟಗೆ ನಡೀತಿರೋದು."

ಅವರು ಸೆರಗಿನಿಂದ ಕಣ್ಣೊರೆಸಿಕೊಂಡರು. ಮತ್ತೆ ಮೆಲ್ಲನೆ ಕೈ ಚಾಚಿ ನನ್ನ ಮೀನಖಂಡದ ಮೇಲಿಟ್ಟು, "ಅವ್ರೂ ಇಲ್ಲೇ ಇಡ್ಕಂಡು ಕುಂತಿರೋರು" ಎಂದರು.

ತಾಯಿಯಂಥವರ ಕೈ ಕಾಲಿಗೆ ತಗುಲಿದರೆ ನಾವು ಥಟ್ಟನೆ ಕಾಲು ಹಿಂದಕ್ಕೆಳೆದುಕೊಳ್ಳುತ್ತೇವೆ. ಅಂದು ನಾನು ಎಳೆದುಕೊಳ್ಳಲಿಲ್ಲ. ಆ ಕೈ ಎಷ್ಟು ಹೊತ್ತು ಇರಬೇಕೋ ಅಷ್ಟು ಹೊತ್ತು ಅಲ್ಲಿರಲೆಂದು ಸುಮ್ಮನೆ ಕೂತಿದ್ದೆ.