ರಾದಾಮೆಸನಿಗೆ ಗೊತ್ತಾಗಬಾರದು

ಬೀದಿಯವರೆಲ್ಲ ಬೆನ್ನು ನೋವಿನಿಂದ ನರಳುತ್ತಿದ್ದರೆ ರಾದಾಮೆಸನಿಗೆ ಮಾತ್ರ ಕಿವಿಯ ಕಾಟ. ಕಿವಿ ಕೆಟ್ಟಿತ್ತು ಅಂತಲ್ಲ. ಚೆನ್ನಾಗಿ ಕೇಳಿಸುತ್ತಿತ್ತು, ಅದೇ ಕಾಟ.

ಮೋಕಾ ಊರಿನ ಆ ಬೀದಿಯಲ್ಲಿ ಕೋಕೋ ಮೂಟೆ ಹೊತ್ತವರು, ಬಸ್ಸು ಓಡಿಸಿದವರು, ಬೆಳಗಿನಿಂದ ಸಂಜೆವರೆಗೆ ನಿಂತು ಕಂಡವರ ತಲೆಗೂದಲು ಒಣಗಿಸಿದವರು ತುಂಬಿದ್ದರು. ಒಬ್ಬರ ಸೊಂಟವೂ ನೆಟ್ಟಗಿರಲಿಲ್ಲ. ದುಡಿಸಿಕೊಂಡವರು ಯಾರೂ ಒಂದು ದಿನ ಬಂದು ಕೇಳಿದ್ದಿಲ್ಲ. ಹೇಗೋ ರಾಜಧಾನಿಯವರಿಗೆ ಸುದ್ದಿ ಮುಟ್ಟಿ, ಡಾಕ್ಟರ್ ಫ್ರೀಯಾಸ್ ಎಂಬ ಹೆಂಗಸು ಸಂಶೋಧನೆ ಮಾಡಲು ಬಂದಿಳಿದರು. ಹಳೆಯ ಅಕ್ಕಿ ಗೋದಾಮಿಗೆ ಸುಣ್ಣ ಹೊಡೆಸಿ ಕ್ಲಿನಿಕ್ ಮಾಡಿದರು. ಎಡಕ್ಕೆ ನೀಲಿ ಬಾಗಿಲು. ಅದರೊಳಗೆ ದಪ್ಪ ಕೈಗಳ ಕೈರೋಪ್ರಾಕ್ಟರ್ ಒಬ್ಬ, ಬಂದವರನ್ನು ಮಂಚದ ಮೇಲೆ ಬೋರಲು ಹಾಕಿ, ಬೆರಳಿನ ನೆಟಿಗೆ ತೆಗೆದಂತೆ ಬೆನ್ನುಮೂಳೆಯ ನೆಟಿಗೆ ತೆಗೆದು ಕಳಿಸುತ್ತಿದ್ದ. ಬಲಕ್ಕೆ ಹಳದಿ ಬಾಗಿಲು. ಅದರೊಳಗೆ ಫಿಸಿಯೋಥೆರಪಿಯ ಹುಡುಗಿ, ಅಜ್ಜ ಅಜ್ಜಿ ಎನ್ನದೆ ಎಲ್ಲರಿಗೂ ರಬ್ಬರು ಪಟ್ಟಿ ಕೊಟ್ಟು ಕಸರತ್ತು ಮಾಡಿಸುತ್ತಿದ್ದಳು. ಯಾರಿಗೆ ಯಾವ ಬಾಗಿಲು ಎಂಬುದನ್ನು ಕಂಪ್ಯೂಟರು ಚೀಟಿ ಎತ್ತಿದಂತೆ ನಿರ್ಧರಿಸಿತ್ತು. ಕೊನೆಗೆ ಯಾವ ಬಾಗಿಲಿನವರ ಬೆನ್ನು ಹೆಚ್ಚು ಬಾಗುತ್ತದೆ ಎಂದು ನೋಡುವುದೇ ಸಂಶೋಧನೆ.

ಬಾಗುವುದನ್ನು ಅಳೆಯುವವನು ಹಿತ್ತಿಲ ಕೋಣೆಯ ರಾದಾಮೆಸ್. ಅವನಿಗೆ ಇದ್ದದ್ದು ಒಂದೇ ಷರತ್ತು: ಬಂದವರು ನೀಲಿಯೋ ಹಳದಿಯೋ ಅವನಿಗೆ ಗೊತ್ತಾಗಬಾರದು.

"ಗೊತ್ತಾದ್ರೆ ನಿಮ್ಮ ಕೈ ಒಲಿದ ಕಡೆಗೆ ಟೇಪು ಎಳೀತದೆ. ನಿಮ್ಮ ಅರ್ಹತೆ ಏನು ಹೇಳಿ? ಏನೂ ಗೊತ್ತಿಲ್ಲದಿರೋದು," ಎಂದಿದ್ದರು ಡಾಕ್ಟರ್.

ಏನೂ ಗೊತ್ತಿಲ್ಲ ಎಂದು ಹುಟ್ಟಿದಾಗಿನಿಂದ ಬೈಸಿಕೊಂಡವನಿಗೆ, ಅದಕ್ಕೂ ಸಂಬಳ ಕೊಡುತ್ತಾರೆ ಎಂದರೆ ಸ್ವರ್ಗ ಮೂರೇ ಗೇಣು. ಆದರೆ ಬೀದಿ ಬಿಡಬೇಕಲ್ಲ! ಒಂದು ಮನೆಯಲ್ಲಿ ಅನ್ನ ಸೀದರೆ ಮೂರನೆಯ ಬೀದಿಯಲ್ಲಿ ಮೂಗು ಮುಚ್ಚಿಕೊಳ್ಳುವ ಜನ ಅವರು. ಹಿಂದಿನ ವಾರ ಒಬ್ಬಾಕೆ ಟೇಪು ನೋಡಿದ್ದೇ ತಡ, "ಅಯ್ಯೋ, ನೀಲಿ ಬಾಗ್ಲಲ್ಲಿ ನನ್ ಜೀವನೇ ಹೋಗಿತ್ತು ಮಗಾ" ಎಂದುಬಿಟ್ಟಳು. ಆಕೆಯ ಅಳತೆಯನ್ನು ಎತ್ತಿ ಬಿಸಾಕಿದ ಡಾಕ್ಟರ್, ರಾದಾಮೆಸನನ್ನು ಕರೆದು ಖಡಾಖಂಡಿತವಾಗಿ ಹೇಳಿದರು: ಕೊನೆಯ ದಿನ ಶುದ್ಧವಾಗಿ ಮುಗಿದರೆ ಆಸ್ಪತ್ರೆಯಲ್ಲಿ ಕಾಯಂ ಕೆಲಸ. ಇನ್ನೊಮ್ಮೆ ಗುಟ್ಟು ಒಡೆದರೆ ಮನೆ.

ಮನೆ ಎಂದರೆ ಭಾವನ ಕೋಳಿ ಅಂಗಡಿ. ಐದು ವರ್ಷ ಅಲ್ಲಿ ಕೋಳಿ ತರಿದು, ಸಾಬೂನು ಎಷ್ಟು ಹಾಕಿದರೂ ಪುಕ್ಕದ ವಾಸನೆ ಹೋಗದ ಕೈಗಳು ಅವನವು. ಈಗೀಗ ಜನ ಅವನ ಕೈ ಕುಲುಕುತ್ತಿದ್ದರು.

ಇವತ್ತು ಆ ಕೊನೆಯ ದಿನ. ಅಳೆಯಬೇಕಾದವರು ಹನ್ನೆರಡು ಮಂದಿ. ಹನ್ನೆರಡೂ ಅವನ ಬೀದಿಯವರೇ.

ಬೆಳಿಗ್ಗೆ ತಾಯಿ ದೊನ್ಯಾ ಎರ್ಸೀಲಿಯಾ (ಹಿರಿಯ ಹೆಂಗಸರಿಗೆ ದೊನ್ಯಾ, ಗಂಡಸರಿಗೆ ದೋನ್, ಅದು ಆ ಬೀದಿಯ ಮರ್ಯಾದೆ), ಬೇಯಿಸಿ ಹಿಸುಕಿದ ಬಾಳೆಕಾಯಿಯ ತಟ್ಟೆಯ ಪಕ್ಕದಲ್ಲಿ ಒಂದು ಹತ್ತಿ ಉಂಡೆಯನ್ನೂ ತಂದಿಟ್ಟಳು.

"ತಗೋ, ಕಿವಿಗೆ ತುರುಕ್ಕೋ."

"ಅಮ್ಮ, ನೀನೂ ಮಾತಾಡ್ಬೇಡ."

"ನಾನೇನ್ ಮಾತಾಡ್ದೆ? ನಂಗೆ ಬೆನ್ನು ನೋವೂ ಇಲ್ಲ, ಯಾವ ಬಾಗ್ಲೂ ಇಲ್ಲ. ಹೆತ್ತ ತಾಯಿ ಎದುರಿಗೆ ಕೂತು ಉಣ್ಣೋಕೂ ಹೆದರೋ ಹಾಗ್ ಮಾಡಿದ್ದಾಳಲ್ಲ ಆ ಡಾಕ್ಟ್ರಮ್ಮ, ಅವಳ ಸಂಶೋಧನೆಗೆ ಬೆಂಕಿ ಬೀಳ!"

ಹತ್ತಿ ಕಿವಿಯನ್ನು ಮುಚ್ಚುತ್ತದೆ, ಕಣ್ಣನ್ನು ಮುಚ್ಚುವುದಿಲ್ಲ ಎಂಬುದು ರಾದಾಮೆಸನಿಗೆ ಮೊದಲ ತಿರುವಿನಲ್ಲೇ ತಿಳಿಯಿತು. ಮೂಲೆ ಅಂಗಡಿಯ ಬಾಲ್ಬೀನೊ ಮೆಟ್ಟಿಲ ಮೇಲೆ ನಿಂತಿದ್ದ. ಇವನನ್ನು ಕಂಡದ್ದೇ, ತನ್ನ ಗದ್ದವನ್ನು ಎರಡೂ ಕೈಯಲ್ಲಿ ಹಿಡಿದು ಎಡಕ್ಕೊಮ್ಮೆ ತಿರುಚಿದ, ಬಲಕ್ಕೊಮ್ಮೆ ತಿರುಚಿದ, ಆಮೇಲೆ ಮೊಲೆ ಕುಡಿದು ಮಲಗಿದ ಕೂಸಿನಂತೆ ಸುಖದಿಂದ ಕಣ್ಣು ಮುಚ್ಚಿದ.

ನೀಲಿ! ನೋಡಬಾರದೆಂದು ರಾದಾಮೆಸನೂ ಕಣ್ಣು ಮುಚ್ಚಿ ಬಿರಬಿರನೆ ನಡೆದ. ಅಂಗಡಿಯ ಮುಂದೆ ಸಾಲಾಗಿ ಇಟ್ಟಿದ್ದ ನೀರಿನ ದೊಡ್ಡ ಬಾಟಲಿಗಳಿಗೆ ಢಿಕ್ಕಿ ಹೊಡೆದು, ಬಾಟಲಿಗಳೊಂದಿಗೆ ತಾನೂ ಚರಂಡಿಯವರೆಗೆ ಉರುಳಿದ. ಒಂದು ಕಿವಿಯ ಹತ್ತಿ ನೀರಿನಲ್ಲಿ ತೇಲಿಹೋಯಿತು.

ಬಾಲ್ಬೀನೊ ಓಡಿಬಂದು ಎಬ್ಬಿಸಿದ. "ಕಣ್ ಬಿಟ್ಕೊಂಡು ನಡಿಯೋ ಮಾರಾಯ! ನೋಡು, ನಿನ್ನೆ ನನ್ನ ಕುತ್ತಿಗೇನ..."

"ಹೇಳ್ಬೇಡ!"

"...ಕುತ್ತಿಗೆಗೆ ಹಾಕೋ ಸರ ಕಳ್ಕೊಂಡೆ ಅನ್ನೋಕ್ ಬಂದ್ರೆ ಹಿಂಗ್ ಕಿರುಚ್ತೀಯಲ್ಲೋ! ಕುತ್ತಿಗೆ ಅನ್ನೋ ಮಾತು ಆಡೋದಕ್ಕೂ ಆ ಡಾಕ್ಟ್ರಮ್ಮನ ಅಪ್ಪಣೆ ಬೇಕೇನೋ?"

ಮುಂದೆ ನೂರಿಸಳ ಬ್ಯೂಟಿ ಪಾರ್ಲರು. ಅವಳು ಒಬ್ಬ ಗಿರಾಕಿಯ ಕೂದಲು ಒಣಗಿಸುತ್ತ ಒಂಟಿ ಕಾಲಿನ ಮೇಲೆ ಕೊಕ್ಕರೆಯಂತೆ ನಿಂತಿದ್ದಳು. ತಲೆಗೆ ಸುರುಳಿ ಸುತ್ತಿಕೊಂಡ ಹೆಂಗಸರು ಸಾಲಾಗಿ ಕೂತು ಒಕ್ಕೊರಲಿನಿಂದ ಎಣಿಸುತ್ತಿದ್ದರು: "ಏಳು... ಎಂಟು... ಹೊಟ್ಟೆ ಒಳಗೆ ಎಳ್ಕೊಳ್ಳೇ ನೂರಿಸ್!"

ಹಳದಿ. ಇದಕ್ಕಿಂತ ಹಳದಿ ನಿಂಬೆಹಣ್ಣೂ ಇರುವುದಿಲ್ಲ. ರಾದಾಮೆಸ್ ತಿರುಗಿ ಹಿತ್ತಿಲ ಓಣಿ ಹಿಡಿದ. ಎರಡು ಬೇಲಿ ಹಾರಿ, ಒಂದು ಹಂದಿಯಿಂದ ಅಟ್ಟಿಸಿಕೊಂಡು, ಮೊಣಕಾಲುದ್ದ ಕೆಸರಿನಲ್ಲಿ ಕ್ಲಿನಿಕ್ ತಲುಪಿದ.

ಅಲ್ಲಿಗೆ ಮೊದಲು ಬಂದವಳು ತೆಂಗಿನಕಾಯಿ ಮಿಠಾಯಿ ಮಾರುವ ದೊನ್ಯಾ ಸೆನೈದಾ. ಬಾಗಿ ನೆಲ ಮುಟ್ಟಿ ಎಂದರೆ ಮೊದಲು ಚೀಲವನ್ನು ನೆಲದ ಮೇಲೆ ಕೊಡವಿದಳು. ಅದರಿಂದ ಹಸಿರು ರಬ್ಬರು ಪಟ್ಟಿಯೊಂದು ಹಾವಿನಂತೆ ಜಾರಿ ಅವನ ಕಾಲ ಮೇಲೆ ಬಿತ್ತು.

"ಇದೇನು ದೊನ್ಯಾ?" ಬಾಯಿ ತಪ್ಪಿ ಕೇಳಿಬಿಟ್ಟ.

"ಅದಾ? ನಾಯಿ ಕಟ್ಟೋ ಹಗ್ಗ ಮಗಾ."

"ನಾಯೀನ ರಬ್ಬರಲ್ಲಿ ಕಟ್ತಾರಾ?"

"ನಮ್ಮದು ಓಡೋ ನಾಯಿ. ಪಾಪ, ಸ್ವಲ್ಪ ದೂರ ಹೋಗಿ ಬರ್ಲಿ ಅಂತ."

ಹಳದಿ, ಎಂದುಕೊಂಡು ಬೆವರು ಒರೆಸಿಕೊಂಡ. ಅವಳ ಹಿಂದೆಯೇ ನಿವೃತ್ತ ಬಸ್ಸು ಚಾಲಕ ದೋನ್ ತಿಯೊಫೀಲೊ, ಕೂಗಲು ಹೊರಟ ಹುಂಜದಂತೆ ಕತ್ತು ನೆಟ್ಟಗೆ ಮಾಡಿಕೊಂಡು ಒಳಗೆ ಬಂದ.

"ಒಂದೇ ಸಲ ನೋಡು. ಟಕ್! ಅಷ್ಟೆ. ಮೂವತ್ತು ವರ್ಷದ ಜಡ್ಡು ಮಂಗಮಾಯ."

"ದೋನ್ ತಿಯೊಫೀಲೊ, ನಿಮ್ಮ ಕಾಲು ಹಿಡ್ಕೋತೀನಿ!"

"ಯಾಕೋ? ನಾನು ದೋಮಿನೊ ಆಟದ ವಿಷ್ಯ ಹೇಳಿದ್ದು. ಕೊನೇ ಬಿಲ್ಲೆ ಮೇಜಿಗೆ ಟಕ್ ಅಂತ ಕುಕ್ಕಿದ್ರೆ ಮನಸಿನ ಜಡ್ಡೆಲ್ಲಾ ಹೋಗ್ತದೆ ಅಂದೆ. ನೀನೇನ್ ಅಂದ್ಕೊಂಡೆ?" ಎಂದು ಮುದುಕ ಕಣ್ಣು ಹೊಡೆದ.

ಹೀಗೇ ಒಬ್ಬರಾದ ಮೇಲೆ ಒಬ್ಬರು. ಒಬ್ಬಳು ಅಳತೆಗೆ ಕಾಯುತ್ತ ನೆಲದ ಮೇಲೆ ಅಂಗಾತ ಮಲಗಿ ಸೊಂಟವನ್ನು ಸೇತುವೆಯಂತೆ ಎತ್ತಿದಳು. ಇನ್ನೊಬ್ಬ ನೀಲಿ ಬಾಗಿಲಿನ ಕಡೆಯ ಗೋಡೆ ಕಂಡಾಗಲೆಲ್ಲ ಶಿಲುಬೆ ಗುರುತು ಹಾಕಿಕೊಂಡು ಬೆರಳಿಗೆ ಮುತ್ತು ಕೊಟ್ಟ. ಯಾರೂ ಬಾಯಿ ಬಿಟ್ಟು ಹೇಳಲಿಲ್ಲ. ಹೇಳಬೇಕಾದ ಅಗತ್ಯವನ್ನೂ ಉಳಿಸಲಿಲ್ಲ. ಮಧ್ಯಾಹ್ನದ ಹೊತ್ತಿಗೆ ರಾದಾಮೆಸನಿಗೆ ಹನ್ನೆರಡು ಮಂದಿಯ ಬಾಗಿಲೂ ಪ್ರಾರ್ಥನೆಯಂತೆ ಬಾಯಿಪಾಠವಾಗಿತ್ತು.

ಬೇರೆ ಯಾವನಾದರೂ ನೆಟ್ಟಗೆ ಹೋಗಿ "ಎಲ್ಲಾ ಗೊತ್ತಾಗಿಬಿಟ್ಟಿತು" ಎಂದು ಒಪ್ಪಿಕೊಳ್ಳುತ್ತಿದ್ದ. ರಾದಾಮೆಸನೂ ಹಾಗೆಂದೇ ಎದ್ದ. ಆದರೆ ಡಾಕ್ಟರ ಕೋಣೆ ತಲುಪುವಷ್ಟರಲ್ಲಿ, ಎಲ್ಲಿಂದಲೋ ಏನೋ, ಕುದಿಯುವ ನೀರಿಗೆ ಅದ್ದಿದ ಕೋಳಿಯ ವಾಸನೆ ಮೂಗಿಗೆ ಅಡರಿತು. ಸತ್ಯ ಹೇಳಿ ಗೆದ್ದವರೆಲ್ಲ ಹೊಟ್ಟೆ ತುಂಬಿದವರು ಎಂದುಕೊಂಡ.

"ಯಾರಾದ್ರೂ ಬಾಯಿ ಬಿಟ್ರಾ?" ಡಾಕ್ಟರ್ ಫ್ರೀಯಾಸ್ ಕನ್ನಡಕದ ಮೇಲಿನಿಂದ ನೋಡಿದರು.

"ಇಲ್ಲ ಡಾಕ್ಟರ್." ಬಾಯಿಯ ಮಟ್ಟಿಗೆ ನಿಜ.

"ಯಾರು ಯಾವ ಬಾಗಿಲು ಅಂತ ಬೇರೆ ರೀತಿ ಏನಾದ್ರೂ ಗೊತ್ತಾಯ್ತಾ?"

"ನಂಗೇನ್ ಗೊತ್ತಾಗತ್ತೆ ಡಾಕ್ಟರ್. ಶಾಲೇಲೂ ಹಿಂಗೇ ಇದ್ದೆ."

ಡಾಕ್ಟರ್ ನಕ್ಕರು. ಆಸ್ಪತ್ರೆಯ ಕಾಯಂ ಕೆಲಸ ಕೈಗೆ ಎಟುಕಿತು ಎಂದು ರಾದಾಮೆಸ್ ಉಸಿರು ಬಿಡುವಷ್ಟರಲ್ಲಿ ಅವರು ಕುರ್ಚಿ ಎಳೆದು ಕೂತರು. "ಬಹಳ ಸಂತೋಷ. ಇನ್ನೊಂದು ಪದ್ಧತಿ ಉಳಿದಿದೆ. ಸಂಶೋಧನೆ ಮುಗಿದ ಮೇಲೆ ಅಳೆದವರ ಹತ್ರ ಊಹೆ ಮಾಡಿಸ್ತೀವಿ. ನಾನು ಹೆಸರು ಹೇಳ್ತೀನಿ. ನೀಲಿನೋ ಹಳದಿನೋ, ಸುಮ್ನೆ ಮನಸಿಗೆ ತೋಚಿದ್ದು ಹೇಳಿ."

ರಾದಾಮೆಸ್ ಕೂತಲ್ಲೇ ಲೆಕ್ಕ ಹಾಕಿದ. ಗೊತ್ತಿರುವುದನ್ನು ಹೇಳಿದರೆ ಹನ್ನೆರಡೂ ಸರಿಹೋಗಿ ಕಳ್ಳ ಸಿಕ್ಕಿಬೀಳುತ್ತಾನೆ. ಆದರೆ ಅವನೇನು ಅಷ್ಟು ದಡ್ಡನೇ? ಕೋಳಿ ಅಂಗಡಿಯಲ್ಲಿ ತಕ್ಕಡಿ ನೋಡಿ ಬೆಳೆದವನು. ಗೊತ್ತಿರುವುದನ್ನೆಲ್ಲ ತಿರುಗಿಸಿಬಿಟ್ಟರೆ ಆಯಿತು! ಎಲ್ಲವೂ ತಪ್ಪಾದರೆ, ಇವನಿಗಿಂತ ಏನೂ ಗೊತ್ತಿಲ್ಲದವನು ದೇಶದಲ್ಲೇ ಇಲ್ಲ ಎಂದು ಡಾಕ್ಟರ್ ಮೆಚ್ಚಬೇಕು.

"ಬಾಲ್ಬೀನೊ?"

ಅಂಗಡಿ ಮೆಟ್ಟಿಲ ಮೇಲೆ ಕುತ್ತಿಗೆ ತಿರುಚಿದ್ದು ಕಣ್ಣಿಗೆ ಕಟ್ಟಿತು. "ಹಳದಿ ಇರ್ಬೇಕು, ಡಾಕ್ಟರ್."

"ನೂರಿಸ್?"

ಕೊಕ್ಕರೆ. "ನೀಲಿ ಅನ್ಸತ್ತೆ."

"ದೊನ್ಯಾ ಸೆನೈದಾ?"

ರಬ್ಬರಿನ ನಾಯಿ ಹಗ್ಗ. "ನೀಲಿ."

"ದೋನ್ ತಿಯೊಫೀಲೊ?"

ಟಕ್. "ಹಳದಿ, ಹಳದಿ."

ಹನ್ನೆರಡು ಹೆಸರಿಗೂ ಹೀಗೇ ಉಲ್ಟಾ ಹೊಡೆದು ಕೈ ಕಟ್ಟಿ ಕೂತ. ಡಾಕ್ಟರ್ ಕಂಪ್ಯೂಟರಿನಲ್ಲಿ ಬೀಗ ಹಾಕಿಟ್ಟಿದ್ದ ಹೆಸರುಗಳನ್ನು ತೆರೆದರು. ನೋಡಿದರು. ಕನ್ನಡಕ ಒರೆಸಿ ಇನ್ನೊಮ್ಮೆ ನೋಡಿದರು.

"ಹನ್ನೆರಡಕ್ಕೆ ಹನ್ನೆರಡೂ ಸರಿ."

"ಸರಿ ಅಂದ್ರೆ... ತಪ್ಪು ಅಂತ ತಾನೇ?"

"ಸರಿ ಅಂದ್ರೆ ಸರಿ, ರಾದಾಮೆಸ್. ಗೊತ್ತಿಲ್ಲದವರು ಊಹೆ ಮಾಡಿದ್ರೆ ಹೆಚ್ಚುಕಮ್ಮಿ ಅರ್ಧ ಸರಿ ಬರತ್ತೆ, ಅರ್ಧ ತಪ್ಪತ್ತೆ. ನಾಣ್ಯ ಚಿಮ್ಮಿದ ಹಾಗೆ. ಒಂದೂ ತಪ್ಪಲಿಲ್ಲ ಅಂದ್ರೆ ಅದು ಊಹೆ ಅಲ್ಲ. ನಿಮಗೆ ಪೂರ್ತಿ ಗೊತ್ತಿತ್ತು."

"ಅಯ್ಯೋ ಇಲ್ಲ ಡಾಕ್ಟರ್! ನಂಗೆ ಗೊತ್ತಿದ್ದದ್ದೇ ಬೇರೆ..." ಎಂದವನು ತಕ್ಷಣ ಬಾಯಿ ಮುಚ್ಚಿದ. ತನಗೆ ಗೊತ್ತಿರಲಿಲ್ಲ ಎಂದು ಸಾಧಿಸಬೇಕಾದರೆ ತಾನು ಸುಳ್ಳು ಹೇಳಿದೆ ಎಂದು ಒಪ್ಪಬೇಕು. ನುಂಗಿದರೆ ಗಂಟಲು ಹೋಗುತ್ತದೆ, ಉಗುಳಿದರೆ ಮಾನ ಹೋಗುತ್ತದೆ.

"ಹನ್ನೆರಡು ಜನರ ಅಳತೆ ಹೋಯ್ತು. ನಿಮ್ಮ ಕೆಲಸಾನೂ ಹೋಯ್ತು. ನನಗೂ ಬೇಜಾರೇ," ಎಂದು ಡಾಕ್ಟರ್ ನಿಜವಾಗಿಯೂ ಬೇಜಾರಿನಿಂದಲೇ ಬಾಗಿಲು ತೋರಿಸಿದರು.

ಹೊರಗೆ ಇಡೀ ಬೀದಿ ನೆರೆದಿತ್ತು. ಯಾರೋ ಡೋಲು ತಂದಿದ್ದರು. ದೊನ್ಯಾ ಎರ್ಸೀಲಿಯಾ ಮೊಣಕೈವರೆಗೆ ಹಿಟ್ಟು ಮಾಡಿಕೊಂಡು ಎಲ್ಲರಿಗಿಂತ ಮುಂದೆ ನಿಂತಿದ್ದಳು.

"ಬಂದ ನನ್ ಮಗ! ಹೆಂಗಿತ್ತೋ ನಮ್ಮ ನಾಟಕ?"

"ಯಾವ ನಾಟಕ ಅಮ್ಮ?"

"ನಿನ್ನೆ ಬಾಲ್ಬೀನೊ ಅಂಗಡೀಲಿ ಎಲ್ಲಾ ಸೇರಿ ಮಾತಾಡ್ಕೊಂಡ್ವಿ. ಈ ಜನದ ಬಾಯಿ ನಿಲ್ಲೋದಿಲ್ಲ, ಗೊತ್ತಲ್ಲ. ಹೇಗಿದ್ರೂ ಏನಾದ್ರೂ ಒಂದು ಬಿಟ್ಟೇ ಬಿಡ್ತಾರೆ. ಅದಕ್ಕೆ ನಾನೇ ಹೇಳ್ದೆ, ನೀಲಿಯವರು ಹಳದಿ ಥರ ಆಡಿ, ಹಳದಿಯವರು ನೀಲಿ ಥರ ಆಡಿ, ನನ್ ಮಗನಿಗೆ ಗೊತ್ತಾಗೋದು ಪೂರ್ತಿ ತಪ್ಪೇ ಆಗ್ಲಿ ಅಂತ!"

"ಒಂಟಿ ಕಾಲಲ್ಲಿ ನಿಂತೂ ನಿಂತೂ ತೊಡೆ ಹರಿದುಹೋಗಿದೆ," ಎಂದಳು ನೂರಿಸ್ ಹೆಮ್ಮೆಯಿಂದ. "ಹುಟ್ಟಿದ ಮೇಲೆ ಕಸರತ್ತು ಮಾಡಿದವಳಲ್ಲ ನಾನು."

"ನಾಯೀ ಹಗ್ಗ ಅಂದೆನಲ್ಲ, ನಂಬಿದ್ಯಾ? ಆ ರಬ್ಬರು ಪಟ್ಟಿ ಬಾಲ್ಬೀನೊಂದು!" ದೊನ್ಯಾ ಸೆನೈದಾ ಚಪ್ಪಾಳೆ ತಟ್ಟಿಕೊಂಡು ನಕ್ಕಳು.

ರಾದಾಮೆಸ್ ಸುತ್ತ ಕಣ್ಣಾಡಿಸಿದ. ಎಲ್ಲರ ಮುಖದಲ್ಲೂ ಪರೀಕ್ಷೆ ಪಾಸಾದ ಮಕ್ಕಳ ಕಳೆ. ಇವರಿಗೆ ಏನೆಂದು ಬೈಯುವುದು? ಇವರು ಕಾಪಾಡಿದ್ದನ್ನು ತಾನೇ ಕೂತು, ತಾನೇ ತಲೆ ಓಡಿಸಿ, ಹನ್ನೆರಡು ಸಲ ಹಾಳು ಮಾಡಿಕೊಂಡಿದ್ದ.

"ಮಾತೇ ಹೊರಡ್ತಿಲ್ಲ ನೋಡಿ, ಆನಂದ!" ಎಂದ ದೋನ್ ತಿಯೊಫೀಲೊ. "ಎತ್ರೋ ಅವನ್ನ!"

"ಬೇಡಿ, ಕೇಳಿ ಇಲ್ಲಿ..." ಎನ್ನುವಷ್ಟರಲ್ಲಿ ಹನ್ನೆರಡು ಮಂದಿ ಸೇರಿ ಅವನನ್ನು ಹೆಗಲಿಗೇರಿಸಿದರು. ಡೋಲು ಬಡಿಯಿತು. ಉತ್ಸಾಹದಲ್ಲಿ ಅವರೆಲ್ಲ ಒಂದು ಸಣ್ಣ ಸಂಗತಿ ಮರೆತಿದ್ದರು: ಹನ್ನೆರಡೂ ಬೆನ್ನುಗಳು ಚಿಕಿತ್ಸೆಯಲ್ಲಿದ್ದವು. ಬಾಲ್ಬೀನೊ "ಅಮ್ಮಾ" ಎಂದು ಎಡಕ್ಕೆ ಕುಸಿದ, ಸೆನೈದಾ ಬಲಕ್ಕೆ ಕುಸಿದಳು, ನಡುವೆ ರಾದಾಮೆಸ್ ಬಲಿತ ತೆಂಗಿನಕಾಯಿ ಬಿದ್ದಂತೆ ನೆಲಕ್ಕೆ ಬಿದ್ದ. ಎದ್ದೇಳಲು ಹೋದರೆ ಸೊಂಟ ಹಿಡಿದುಕೊಂಡಿತ್ತು. ಮೇಲಕ್ಕೂ ಬರಲೊಲ್ಲದು, ಕೆಳಕ್ಕೂ ಇಳಿಯಲೊಲ್ಲದು.

ಬೀದಿಗೆ ಬೀದಿಯೇ ಅವನ ಮೇಲೆ ಮುಗಿಬಿತ್ತು.

"ಮಗ್ಗುಲಿಗೆ ಹೊರಳಿಸಿ! ನೀಲಿ ಬಾಗ್ಲಿನವ್ನು ನಂಗೆ ಮಾಡ್ದಂಗೆ ಒಂದ್ ಸಲ ಟಕ್ ಅನ್ಸಿದ್ರೆ ಎದ್ದು ಕುಣೀತಾನೆ!" ನೂರಿಸ್ ಅವನ ಭುಜ ಹಿಡಿದು ಎಳೆದಳು.

"ಮುಟ್ಬೇಡಿ! ಮೂಳೆ ಮುರೀತೀರ! ಮಂಡಿ ಎದೆಗ್ ತಗೊಳೋ ಮಗಾ, ಹಳದಿ ಕೋಣೇಲಿ ನಾವು ದಿನಾ ಮಾಡಿದ್ದು ಅದೇ, ಉಸಿರು ಬಿಡು!" ದೋನ್ ತಿಯೊಫೀಲೊ ಅವನ ಕಾಲು ಹಿಡಿದು ಎಳೆದ.

ಭುಜದ ಕಡೆಗೆ ಆರು ಮಂದಿ. ಕಾಲಿನ ಕಡೆಗೆ ಆರು ಮಂದಿ. ನಡುವೆ ಹಿಟ್ಟಿನ ಕೈಯಲ್ಲಿ ಅವನ ತಲೆ ನೇವರಿಸುತ್ತ ದೊನ್ಯಾ ಎರ್ಸೀಲಿಯಾ ಬಗ್ಗಿ ಕೇಳಿದಳು: "ಎಲ್ ನೋವು ಅಂತ ಏನಾದ್ರೂ ಗೊತ್ತಾಗ್ತಿದ್ಯೇನೋ ಕಂದಾ?"

ರಾದಾಮೆಸ್ ಮಲಗಿದಲ್ಲಿಂದಲೇ ಆ ಕಡೆಯ ಆರು ಮುಖ ನೋಡಿದ, ಈ ಕಡೆಯ ಆರು ಮುಖ ನೋಡಿದ.

"ಗೊತ್ತಾಯ್ತಮ್ಮ," ಎಂದ. "ಈಗ ಎಲ್ಲಾ ಸರಿಯಾಗಿ ಗೊತ್ತಾಯ್ತು."