ಕೊನೆಯ ಒಂಬತ್ತು ನಿಮಿಷ ತಿಂದ ಬೂಷ್ಟಿಗೆ

ಕಿಲ್ಕೆನ್ನಿ, ಐರ್ಲೆಂಡ್, ಫೆಬ್ರವರಿ ೨೦೨೧

ಚಿಕ್ಕ ಕೋಣೆಯ ಉತ್ತರದ ಗೋಡೆಯಲ್ಲಿ ಸಕುಟುಂಬ ನೆಲೆಸಿರುವ ಬೂಷ್ಟು ಮಹಾಶಯರ ಸನ್ನಿಧಾನಕ್ಕೆ, ಅದೇ ಮನೆಯ ಬಾಡಿಗೆದಾರ ಚಂದ್ರಕಾಂತನ ಸಾಷ್ಟಾಂಗ ನಮಸ್ಕಾರಗಳು.

ಮಾನ್ಯರೇ,

ಲಾಕ್‌ಡೌನಿನಲ್ಲಿ ಯಾರ ಮನೆಗೂ ಯಾರೂ ಹೋಗದಿರುವಾಗ ತಾವು ಮಾತ್ರ ಬೇಸರಿಸದೆ ನಮ್ಮಲ್ಲೇ ತಂಗಿ, ಗೋಡೆಯಿಂದ ಕಪಾಟಿಗೂ ಕಪಾಟಿನಿಂದ ನನ್ನ ವಿಡಿಯೊ ಕ್ಯಾಸೆಟ್ಟಿಗೂ ದಯಮಾಡಿಸಿದ್ದೀರಿ. ಮನೆ ಮಾಲೀಕರಿಗೆ ದೂರಿದರೆ, ಕಿಟಕಿ ತೆರೆದಿಟ್ಟರೆ ಎಲ್ಲ ಗ್ರ್ಯಾಂಡ್, ಅಂದರೆ ಸರಿಹೋಗುತ್ತದೆ, ಎಂದರು. ತೆರೆದಿಟ್ಟೆ. ಮಳೆಯೂ ಒಳಗೆ ಬಂತು.

ತಾವು ಸವಿದದ್ದು ಅಂತಿಂಥ ಕ್ಯಾಸೆಟ್ ಅಲ್ಲ ಸ್ವಾಮಿ. ಬ್ರೆಜಿಲ್ಲಿನ ಐವತ್ತು ವರ್ಷ ಹಳೆಯ ಕಪ್ಪು-ಬಿಳುಪು ಚಿತ್ರ; ತನ್ನ ದೇಶದಲ್ಲೇ ಮೂರು ದಿನ ಓಡಿ ಮರೆತುಹೋದದ್ದು. ಯಾರೂ ನೋಡಿಲ್ಲವೆಂಬುದೇ ನಮ್ಮಂಥ ಸಂಗ್ರಾಹಕರಿಗೆ ಅದರ ಹಿರಿಮೆ. ಓಡಿಸಿದರೆ ಟೇಪು ಸವೆಯುತ್ತದೆಂದು ಹನ್ನೊಂದು ವರ್ಷ ನಾನೂ ನೋಡದೆ, ಹಬ್ಬಕ್ಕೊಮ್ಮೆ ಡಬ್ಬಿ ಒರೆಸಿ, ಬಂದವರಿಗೆ ದೂರದಿಂದ ತೋರಿಸಿ ಬೀಗಿದ್ದೇನೆ.

ಆಗಿದ್ದಿಷ್ಟು. ನರ್ಸ್ ಆಗಿರುವ ನನ್ನ ಹೆಂಡತಿ ಕಾತ್ಯಾಯಿನಿಗೆ ಕೋವಿಡ್ ತಗುಲಿ, ತಮ್ಮ ಕೋಣೆಯಲ್ಲಿ ಒಬ್ಬಳೇ ಇರಬೇಕಾಯಿತು. ಮೈ ಸುಡುವ ಜ್ವರದಲ್ಲಿ ಹೊತ್ತು ಹೋಗದೆ, ಅಲ್ಲೇ ಇದ್ದ ಹಳೆಯ ಪ್ಲೇಯರಿಗೆ ಆ ಕ್ಯಾಸೆಟ್ ಹಾಕಿದಳು. ಪೋರ್ಚುಗೀಸಿನ ಒಂದಕ್ಷರ ಬಾರದಿದ್ದರೂ, ಕಳೆದ ಮಗಳನ್ನು ಬಂದರಿನಲ್ಲೆಲ್ಲ ಹುಡುಕುವ ತಾಯಿಯ ಜೊತೆ ತಾನೂ ಅತ್ತಳು. ತಾಯಿ ಹಡಗಿನ ಮೆಟ್ಟಿಲು ಹತ್ತುತ್ತಿದ್ದಂತೆ ಪರದೆಯ ತುಂಬ ತಾವೇ. ಮುಂದಿನ ಒಂಬತ್ತು ನಿಮಿಷ ತಮ್ಮ ಹೊಟ್ಟೆಯಲ್ಲಿದೆ.

ಬಾಗಿಲ ಬಳಿ ಗಂಜಿ ಇಡಲು ಹೋದಾಗಲೆಲ್ಲ ಅವಳದು ಒಂದೇ ಪ್ರಶ್ನೆ: "ಮಗಳು ಸಿಕ್ಕಿದ್ಲೇನ್ರೀ?" ಸಿಕ್ಕಿದಳು, ಇಬ್ಬರೂ ಮನೆಗೆ ಹೋದರು ಎಂದೆ. "ಸುಳ್ಳು ಹೇಳ್ಬೇಡಿ, ನೀವು ನೋಡೇ ಇಲ್ಲ" ಎಂದು ಕೆಮ್ಮಿದಳು. ಅಯ್ಯೋ, ಹನ್ನೊಂದು ವರ್ಷದಲ್ಲಿ ಒಂದು ಸಂಜೆ ಅವಳ ಪಕ್ಕ ಕೂತು ನೋಡಿದ್ದರೆ ನನ್ನ ಗಂಟೇನು ಹೋಗುತ್ತಿತ್ತು! ಈಗ ಆ ಅಂತ್ಯ ಬಲ್ಲವರು ತಾವೊಬ್ಬರೇ. ಆದ್ದರಿಂದ ತಾವು ತಿಂದುದರ ಸಾರಾಂಶವನ್ನು ಅವಳ ಹಾಸಿಗೆಯ ಎದುರಿನ ಗೋಡೆಯ ಮೇಲೆ, ತಮಗೆ ಒಗ್ಗಿದ ಕಪ್ಪು-ಬಿಳುಪಿನಲ್ಲೇ, ಭಾನುವಾರದೊಳಗೆ ಮೂಡಿಸಬೇಕಾಗಿ ಕೈಮುಗಿದು ಬೇಡುತ್ತೇನೆ. ಕನ್ನಡದಲ್ಲಾದರೆ ದೊಡ್ಡ ಉಪಕಾರ.

ಬಾಗಿಲ ಈಚೆಯಿಂದ,
ತಮ್ಮ ವಿಶ್ವಾಸಿ,
ಚಂದ್ರಕಾಂತ

ವಿ.ಸೂ.: ಈ ಚಿತ್ರದ ಇನ್ನೊಂದು ಪ್ರತಿ ದೂರದ ಗಾಲ್ವೇ ಊರಿನ ಸತ್ಯಪ್ರಕಾಶ್ ಎಂಬ ಸಂಗ್ರಾಹಕರಲ್ಲಿದೆ. ಒಮ್ಮೆ ನೋಡಿ ಕಥೆಯ ಕೊನೆ ಹೇಳಿ ಎಂದರೆ, ಓಡಿಸಿ ಹಾಳು ಮಾಡಲಾರೆ, ನಿಮ್ಮದು ಹೋದ ಮೇಲಂತೂ ನನ್ನದು ಅಪರೂಪದ್ದು ಎಂದರು. ಮನೆಯಿಂದ ಐದು ಕಿಲೋಮೀಟರ್ ದಾಟಬಾರದೆಂಬ ಲಾಕ್‌ಡೌನ್ ನಿಯಮ ತಮಗಿಲ್ಲವಲ್ಲ, ಅವರಲ್ಲಿಗೂ ದಯಮಾಡಿಸಿ. ಹಾಳಾಯಿತೆಂದು ಅವರು ಎಸೆದರೆ ನಾನು ಆರಿಸಿಕೊಳ್ಳುತ್ತೇನೆ. ಆದರೆ ದಮ್ಮಯ್ಯ, ಅಲ್ಲಿ ಮೊದಲಿನಿಂದ ತಿನ್ನಿ.